ಒಂದೇ ಹುಲಿಯನ್ನು ಎರಡು ಸಲ ಎಣಿಸಿದರೆ?

ಪ್ರಶ್ನೆ: ಕಾಡಿನಲ್ಲಿ ಇಷ್ಟು ಹುಲಿ ಇವೆ ಅಂತ ಪೇಪರಿನಲ್ಲಿ ಬರುತ್ತದೆ. ಹುಲಿಗಳೇನು ಸಾಲಾಗಿ ನಿಲ್ಲುತ್ತವಾ? ಕಂಡ ಹುಲಿಯೇ ಮತ್ತೆ ಕಂಡರೆ ಲೆಕ್ಕ ತಪ್ಪಲ್ವಾ?

ಉತ್ತರ: ತಪ್ಪಲ್ಲ. ಕಂಡ ಹುಲಿ ಮತ್ತೆ ಕಾಣದಿದ್ದರೇನೇ ಕಷ್ಟ.

ಅಡುಗೆಮನೆಯಿಂದ ಅವರೆಕಾಳಿನ ಡಬ್ಬ ತನ್ನಿ. ಒಂದು ಹಿಡಿ ತೆಗೆದು ಎಣಿಸಿ. 40 ಇವೆ ಅಂದುಕೊಳ್ಳಿ. ಒಂದೊಂದಕ್ಕೂ ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಟ್ಟು ವಾಪಸ್ ಹಾಕಿ, ಡಬ್ಬ ಚೆನ್ನಾಗಿ ಅಲ್ಲಾಡಿಸಿ. ಈಗ ಕಣ್ಣು ಮುಚ್ಚಿ ಇನ್ನೊಂದು ಹಿಡಿ. ಬಂದದ್ದು 50 ಕಾಳು, ಅದರಲ್ಲಿ ಚುಕ್ಕಿಯವು 5. ಅಂದರೆ ಹತ್ತರಲ್ಲಿ ಒಂದಕ್ಕೆ ಚುಕ್ಕಿ. ನಾವು ಚುಕ್ಕಿ ಇಟ್ಟಿದ್ದು 40ಕ್ಕೆ. ಹಾಗಾದರೆ ಡಬ್ಬದಲ್ಲಿರುವುದು ಹತ್ತಿರಹತ್ತಿರ 400. ಚುಕ್ಕಿಯವು 5ರ ಬದಲು 25 ಬಂದಿದ್ದರೆ? ಡಬ್ಬದಲ್ಲಿ ಇರೋದೇ ಸುಮಾರು 80. (ಆ ಕಾಳನ್ನು ಮಾತ್ರ ಸಾರಿಗೆ ಹಾಕಬೇಡಿ.)

ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಮೀನುಗಳಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟಿದ್ದರು. ಹುಲಿಗೆ ಆ ತಾಪತ್ರಯ ಇಲ್ಲ. ಚುಕ್ಕಿಯ ಕೆಲಸವನ್ನು ಅದರ ಪಟ್ಟೆಗಳೇ ಮಾಡುತ್ತವೆ, ಒಂದರಂತೆ ಇನ್ನೊಂದಿಲ್ಲ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಈ ಲೆಕ್ಕ ಶುರು ಮಾಡಿದರು. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಏಕೆಂದರೆ ಒಂದೇ ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ. ಒಂದು ದಿನ ಎಡಮೈ, ಇನ್ನೊಂದು ದಿನ ಬಲಮೈ ಸಿಕ್ಕರೆ ಒಂದು ಹುಲಿ ಎರಡಾಗಿಬಿಡುತ್ತದೆ. ನೀವು ಹೆದರಿದ್ದು ಇದಕ್ಕೇ ಅಲ್ವಾ?

ಅದಕ್ಕೂ ಮೊದಲು, ಸರ್ಕಾರಿ ಎಣಿಕೆಯಲ್ಲಾದರೆ ಆಮೇಲೂ ಕೆಲವು ವರ್ಷ, ಹೆಜ್ಜೆ ಗುರುತು ನೋಡಿಯೇ ಇದು ಇಂಥ ಹುಲಿ ಅನ್ನುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಕಾಳಿನ ಲೆಕ್ಕಕ್ಕೆ ಎರಡು ಕರಾರುಗಳಿವೆ. ಒಂದು, ಮಧ್ಯೆ ಯಾರೂ ಡಬ್ಬಕ್ಕೆ ಕಾಳು ಸುರಿಯಬಾರದು, ತೆಗೆಯಲೂಬಾರದು. ಕಾಡಿಗೆ ಮುಚ್ಚಳ ಇಲ್ಲವಲ್ಲ! ಹುಲಿ ಹುಟ್ಟುತ್ತವೆ, ಸಾಯುತ್ತವೆ, ವಲಸೆ ಹೋಗುತ್ತವೆ. ಅದಕ್ಕೇ ಕೆಲವೇ ವಾರಗಳಲ್ಲಿ ಫೋಟೋ ಕೆಲಸ ಮುಗಿಸುತ್ತಾರೆ. ವರ್ಷ ತುಂಬದ ಮರಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು, ಡಬ್ಬ ಚೆನ್ನಾಗಿ ಅಲ್ಲಾಡಬೇಕು. ಇದು ಕಾಡಿನಲ್ಲಿ ಆಗದ ಮಾತು. ಗಂಡು ಹುಲಿ ಜಾಸ್ತಿ ಸುತ್ತುತ್ತದೆ, ಕ್ಯಾಮೆರಾಕ್ಕೂ ಜಾಸ್ತಿ ಸಿಗುತ್ತದೆ. ಈ ಏರುಪೇರನ್ನು ಗಣಿತದಲ್ಲಿ ಸರಿಮಾಡಬೇಕು. ಕ್ಯಾಮೆರಾ ಇಡದ ಕಾಡುಗಳಿಗೆ ಹೆಜ್ಜೆ, ಹಿಕ್ಕೆ, ಜಿಂಕೆ-ಕಡವೆಗಳು ಎಷ್ಟಿವೆ ಅನ್ನುವುದನ್ನು ನೋಡಿ ಅಂದಾಜು ಮಾಡುತ್ತಾರೆ.

2022ರಲ್ಲಿ ದೇಶದಲ್ಲಿ ಫೋಟೋಕ್ಕೆ ಸಿಕ್ಕ ಹುಲಿಗಳು 3,080. ಅಂದಾಜು 3,682. ಪೂರ್ತಿ ಹೇಳುವುದಾದರೆ 3,167ರಿಂದ 3,925ರೊಳಗೆ. ಪೇಪರಿನವರು ಹೆಡ್ಡಿಂಗಿಗೆ ಒಂದೇ ಸಂಖ್ಯೆ ಎತ್ತಿಕೊಳ್ಳುತ್ತಾರೆ. ಕರ್ನಾಟಕದ್ದು 2018ರಲ್ಲಿ 524 ಇತ್ತು, 2022ರಲ್ಲಿ 563. ಇವೂ ಅಂದಾಜುಗಳೇ. ನಮ್ಮಲ್ಲಿ ಸರಿಯಾಗಿ 39 ಹುಲಿ ಹೆಚ್ಚಾದವು ಅಂತ ಬೆರಳು ಮಡಿಸಿ ಹೇಳಲು ಬರುವುದಿಲ್ಲ.