ಉತ್ತರ ಗೊತ್ತಿದ್ದರೂ ಸ್ವಲ್ಪ ಸುಮ್ನೆ ಕೂರಿ

ಜೂನ್ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಶಾಲೆಯೂ ಶುರು, ಮಳೆಯೂ ಶುರು. ರಾತ್ರಿ ಕಲೆಕ್ಟರ್ ರಜೆ ಕೊಟ್ಟ ಸುದ್ದಿ ಬರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ನನ್ನ ವಾಟ್ಸಾಪಿಗೆ ಹೋಮ್‌ವರ್ಕಿನ ಫೋಟೋಗಳು. "ಟೀಚರೇ, ಇದರ ಉತ್ತರ ಒಮ್ಮೆ ಹೇಳಿ, ಮಗನಿಂದ ಬರೆಸಿಬಿಡ್ತೇನೆ." ಬರೆಸಿಬಿಡುವುದು! ಈ ಶಬ್ದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕನ್ನಡ ಮೀಡಿಯಂ ಶಾಲೆಯಲ್ಲಿ ಮೂರು, ನಾಲ್ಕನೇ ಕ್ಲಾಸಿಗೆ ಪಾಠ ಮಾಡುವವಳು ನಾನು. ಟಿವಿ ಆಫ್ ಮಾಡಿ, ಮೊಬೈಲ್ ದೂರ ಇಡಿ ಎಂದೆಲ್ಲ ಹೇಳುವುದಿಲ್ಲ, ಅದು ನಿಮಗೇ ಗೊತ್ತು. ಹೇಳಬೇಕಾದದ್ದು ಒಂದೇ. ಮಗುವಿನ ಪೆನ್ಸಿಲ್ ನಿಲ್ಲುತ್ತದೆ, ಅವನು ಮಾಡಿನ ಹಂಚು ನೋಡುತ್ತಾನೆ, ಪೆನ್ಸಿಲಿನ ತುದಿ ಕಚ್ಚುತ್ತಾನೆ. ಆಗ ನಿಮ್ಮ ಬಾಯಿಂದ ಉತ್ತರ ಬಂದೇಬಿಡುತ್ತದೆ. ಬರಬಾರದು.

ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಕ್ಲಾಸುಗಳಲ್ಲೇ ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಕೊಡದ ಮಕ್ಕಳು ಕಡಿಮೆಯಾದರು. ಬರೀ ಮೂರು ಸೆಕೆಂಡ್ ಅಲ್ವಾ ಎಂದು ನಾನೂ ಇದನ್ನು ಓದಿದ ಮರುದಿನ ಕ್ಲಾಸಿನಲ್ಲಿ ಮನಸ್ಸಿನಲ್ಲೇ ಎಣಿಸಿದೆ. ಎರಡು ಎನ್ನುವಷ್ಟರಲ್ಲಿ ಬಾಯಿ ತೆರೆದಿತ್ತು. ಹಾಗಾಗಿ ನಿಮ್ಮನ್ನು ಬಯ್ಯಲು ನನಗೆ ಪೂರ್ತಿ ಅಧಿಕಾರ ಇಲ್ಲ.

ಬದಿಯಡ್ಕದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಜಗಲಿಯಲ್ಲಿ ನನ್ನದೇ ಕ್ಲಾಸಿನ ಹುಡುಗ ಲೆಕ್ಕ ಮಾಡುತ್ತಿದ್ದ. 403ರಿಂದ 178 ಕಳೆಯಬೇಕು. ಅವನು ಬರೆದದ್ದು 375. ಮೇಲಿರಲಿ, ಕೆಳಗಿರಲಿ, ದೊಡ್ಡ ಅಂಕೆಯಿಂದ ಸಣ್ಣ ಅಂಕೆಯನ್ನು ಕಳೆದುಬಿಟ್ಟಿದ್ದ. ಈ ತಪ್ಪು ಪ್ರತಿ ವರ್ಷ ನೋಡುತ್ತೇನೆ. ಅಮ್ಮ ಅಡುಗೆಮನೆಯಿಂದ ಬಂದು, "ಪಕ್ಕದಿಂದ ಸಾಲ ತೆಗೆದುಕೊಳ್ಳುವುದು ಗೊತ್ತಿಲ್ವಾ" ಎಂದರು. "ಪಕ್ಕದಲ್ಲಿ ಸೊನ್ನೆ ಉಂಟಲ್ಲ, ಎಂತ ತೆಗೆಯುವುದು?" ಎಂದ. ಒಳ್ಳೆಯ ಪ್ರಶ್ನೆ! ಆದರೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅಮ್ಮ ಪೆನ್ಸಿಲ್ ಕಿತ್ತುಕೊಂಡು 225 ಎಂದು ಬರೆದು ಹೋದರು. ಮುಂದಿನ ಲೆಕ್ಕ, 502ರಿಂದ 267. ಅವನು 365 ಎಂದು ಬರೆದ. ಅದೇ ತಪ್ಪು.

ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಅಜ್ಜಿಗೆ ಕಾಗದದ ಲೆಕ್ಕ ಬಾರದು. ಅವರು ತುಳುವಿನಲ್ಲಿ, ಬಿಡಿ ಬೀಡಿ ಎರಡೇ ಇದೆ, ಬೀಡಿ ತೆಗೆದುಕೊಳ್ಳುವ ಬ್ರಾಂಚಿನವ ಏಳು ಕೇಳಿದರೆ ಎಂತ ಮಾಡ್ತಿ ಎಂದರು. "ಕಟ್ಟು ಬಿಚ್ಚಬೇಕು" ಎಂದ ಹುಡುಗ. ಆಮೇಲೆ ಅಜ್ಜಿ ತಮ್ಮ ಕೆಲಸಕ್ಕೆ ಹೋದರು, ಅವನು ರಬ್ಬರ್ ತೆಗೆದುಕೊಂಡ. ಐದಾರು ನಿಮಿಷವೇ ಆಗಿರಬೇಕು. ಪುಸ್ತಕದ ಹಾಳೆ ತೆಳ್ಳಗಾಯಿತು. ಬಂದದ್ದು 245. ನೂರರ ಕಟ್ಟು ಬಿಚ್ಚಿದ್ದ, ಅದರಲ್ಲಿ ಒಂದು ಹತ್ತನ್ನು ಬಿಡಿಗೆ ಕೊಟ್ಟದ್ದನ್ನು ಮರೆತಿದ್ದ. ನನಗೆ ನಾಲಿಗೆ ತುರಿಸಿತು. "ಕೂಡಿಸಿ ನೋಡು" ಎಂದಷ್ಟೇ ಹೇಳಿದೆ. 245ಕ್ಕೆ 267 ಕೂಡಿಸಿದ, 512 ಬಂತು. "ಹತ್ತು ಜಾಸ್ತಿ ಆಯ್ತು!" ಎಂದವನೇ ಮತ್ತೆ ಬಗ್ಗಿದ. 235.

ಕಾಯಿರಿ ಎಂದರೆ ಕೆಲವರು ಮಗುವನ್ನು ಕೋಣೆಯಲ್ಲಿ ಕೂರಿಸಿ ಹೋಗಿಬಿಡುತ್ತಾರೆ. ಅದಲ್ಲ ಮಾರಾಯ್ರೇ! ಹತ್ತಿರವೇ ಇರಿ. ಬೀನ್ಸ್ ಹೆಚ್ಚಿ, ಅಡಿಕೆ ಸುಲಿಯಿರಿ, ಆದರೆ ಅವನ ಪುಸ್ತಕಕ್ಕೆ ಇಣುಕಬೇಡಿ. ಅದೇ ತಪ್ಪನ್ನು ಎರಡು ಮೂರು ಸಲ ಮಾಡಿದ, ಕಣ್ಣಲ್ಲಿ ನೀರು ಬಂತು ಎಂದಾದರೆ ಕೇಳಿ. "ಗೊತ್ತಾಯ್ತಾ?" ಎಂದಲ್ಲ, ಅದಕ್ಕೆ ಎಲ್ಲ ಮಕ್ಕಳೂ ಹೂಂ ಎನ್ನುತ್ತಾರೆ. "ಎಲ್ಲಿವರೆಗೆ ಬಂದೆ?" ಎಂದು ಕೇಳಿ. ಮನೆಮಾತಿನಲ್ಲೇ ಹೇಳಲಿ. ತುಳು, ಮರಾಠಿ, ಕೊಂಕಣಿ, ಮಲಯಾಳ ಯಾವುದಾದರೂ ಸರಿ, ಪುಸ್ತಕದ ಕನ್ನಡಕ್ಕೆ ಆಮೇಲೆ ಬರಬಹುದು. ಹೇಳುತ್ತಾ ಹೇಳುತ್ತಾ ಅರ್ಧದಷ್ಟು ಮಕ್ಕಳು "ಓ!" ಎಂದು ತಾವೇ ನಿಲ್ಲಿಸುತ್ತಾರೆ. ಅರ್ಧ ಎಂಬುದು ನನ್ನ ಅಂದಾಜು, ಲೆಕ್ಕ ಇಟ್ಟಿಲ್ಲ.

ಎಲ್ಲ ಮಕ್ಕಳಿಗೂ ಇದು ಸಾಕು ಎಂದು ನಾನು ಹೇಳಲಾರೆ. ಮೂರನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದಲು ತೀರಾ ಕಷ್ಟಪಡುವ ಮಗು, ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವ ಮಗು ಸೋಮಾರಿ ಆಗಿರಬೇಕೆಂದಿಲ್ಲ. ಕಣ್ಣು, ಕಿವಿ ತೋರಿಸಿ. ಬಿಆರ್‌ಸಿಯಲ್ಲಿ, ಅಂದರೆ ಶಾಲೆಗಳಿಗೆ ನೆರವಾಗುವ ಬ್ಲಾಕ್ ಮಟ್ಟದ ಸರಕಾರಿ ಕೇಂದ್ರದಲ್ಲಿ, ಇಂಥ ಮಕ್ಕಳಿಗೆಂದೇ ತರಬೇತಾದ ಟೀಚರುಗಳಿದ್ದಾರೆ, ಶಾಲೆಯಲ್ಲಿ ಕೇಳಿದರೆ ಹೇಳುತ್ತಾರೆ. ಇಂಥ ಮಕ್ಕಳ ವಿಷಯದಲ್ಲಿ ಕಾಯುತ್ತಾ ಕೂರುವುದು ತಪ್ಪು.

ನಾಲ್ಕನೇ ಕ್ಲಾಸಿನ ಅಮ್ಮಂದಿರು ಕೇಳುತ್ತಾರೆ, "ಸ್ಕಾಲರ್‌ಶಿಪ್ ಪರೀಕ್ಷೆ ಹತ್ತಿರ ಬಂತು, ಹೀಗೆ ಕಾಯುತ್ತಾ ಕೂತರೆ ಪಾಠ ಮುಗಿಯುತ್ತದಾ?" ಮುಗಿಯುವುದಿಲ್ಲ ಟೀಚರೇ ಎಂದು ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ನಾನು ಬಾಯಿ ತೆರೆಯಲು ಒಂದು ಸೆಕೆಂಡೂ ಸಿಗುವುದಿಲ್ಲ!

ನಾಳೆಯೂ ಮಳೆ ರಜೆ ಸಿಕ್ಕೀತು. ಫೋಟೋ ಕಳಿಸುವುದಾದರೆ ಮಗು ತಾನೇ ಬರೆದ ತಪ್ಪಿನ ಫೋಟೋ ಕಳಿಸಿ, ಅಳಿಸಬೇಡಿ. ಅವನ 375 ಕಂಡರೆ ಅವನು ಎಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು ನನಗೆ ತಿಳಿಯುತ್ತದೆ. ನಿಮ್ಮ 225 ಕಂಡರೆ ನಿಮಗೆ ಕಳೆಯುವ ಲೆಕ್ಕ ಬರುತ್ತದೆ ಎಂದಷ್ಟೇ ತಿಳಿಯುತ್ತದೆ.