ಕಾಣದ ಪೊರೆಯನ್ನು ಅಳೆದವರು

ಜೀವಕೋಶದ ಹೊರಪೊರೆ ತುಂಬಾ ತೆಳು. ಅಂಥ ಲಕ್ಷಕ್ಕೂ ಜಾಸ್ತಿ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅದರ ಪದರಗಳು ಕಾಣುವುದೇ ಇಲ್ಲ. ಆದರೂ ಅದು ಎರಡು ಪದರದ ಕೊಬ್ಬಿನಿಂದ ಆಗಿದೆ ಎಂದು 1925ರಲ್ಲೇ ಇಬ್ಬರು ಹೇಳಿಬಿಟ್ಟಿದ್ದರು. ಪಾಠಪುಸ್ತಕದ ಬಣ್ಣದ ಚಿತ್ರಕ್ಕಿಂತ, ಅವರು ಅಲ್ಲಿಗೆ ಹೇಗೆ ತಲುಪಿದರು ಅನ್ನುವುದೇ ನನಗೆ ಹೆಚ್ಚು ಇಷ್ಟ.

1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ಪೊರೆಯ ಸುಳಿವು ಸಿಕ್ಕಿದ್ದು ಇನ್ನೂರು ವರ್ಷ ದಾಟಿದ ಮೇಲೆ. 1890ರ ದಶಕದಲ್ಲಿ ಚಾರ್ಲ್ಸ್ ಓವರ್ಟನ್ ನೂರಾರು ಪದಾರ್ಥಗಳು ಜೀವಕೋಶದೊಳಗೆ ಹೋಗುತ್ತವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದರು. ಎಣ್ಣೆಯಲ್ಲಿ ಕರಗುವಂಥವು ಸಲೀಸಾಗಿ ಒಳಗೆ ನುಗ್ಗಿದವು. ನೀರಿನಲ್ಲಷ್ಟೇ ಕರಗುವ ಹೆಚ್ಚಿನವು ಹೊರಗೇ ಉಳಿದವು. ಹಾಗಾದರೆ ಬಾಗಿಲಲ್ಲಿ ಇರುವುದು ಕೊಬ್ಬಿನಂಥ ಪದಾರ್ಥವೇ ಅಲ್ವಾ?

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಜೀವಕೋಶಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸ ಜರ್ಮನಿಯ ಒಂದು ಮನೆಯಲ್ಲಿ ನಡೆದಿತ್ತು. ಆಗ್ನೆಸ್ ಪೊಕೆಲ್ಸ್‌ಗೆ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ಸಿಗಲಿಲ್ಲ. ಹೆಣ್ಣುಮಕ್ಕಳಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ. ಮನೆಗೆಲಸದ ನಡುವೆಯೇ ಆಕೆ ತೊಟ್ಟಿಯಂಥ ಪಾತ್ರೆಯಲ್ಲಿ ನೀರು ತುಂಬಿ, ಮೇಲೆ ಜಿಡ್ಡು ಹರಡಿ, ಒಂದು ಪಟ್ಟಿಯಿಂದ ಆ ಜಿಡ್ಡನ್ನು ಒತ್ತುತ್ತಾ ಅಳತೆ ಮಾಡಿದರು. 1891ರಲ್ಲಿ ತಮ್ಮ ಫಲಿತಾಂಶಗಳನ್ನು ಬರೆದು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಕಳಿಸಿದರು. ಅವರು ಆ ಪತ್ರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಪೊರೆಯ ಇತಿಹಾಸದಲ್ಲಿ ಆಕೆಯ ಹೆಸರು ಮೊದಲ ಸಾಲಿನಲ್ಲೇ ಬರಬೇಕು ಎಂದು ನನ್ನ ನಂಬಿಕೆ.

ಮುಂದೆ ಅರ್ವಿಂಗ್ ಲ್ಯಾಂಗ್ಮ್ಯೂರ್ ಇಂಥದ್ದೇ ತೊಟ್ಟಿಯನ್ನು ಸುಧಾರಿಸಿ, 1917ರಲ್ಲಿ ಒಂದು ಮುಖ್ಯ ವಿಷಯ ತೋರಿಸಿದರು. ಕೊಬ್ಬಿನ ಅಣುಗಳು ನೀರಿನ ಮೇಲೆ ಸುಮ್ನೆ ಹೇಗೆಂದರೆ ಹಾಗೆ ಬಿದ್ದಿರುವುದಿಲ್ಲ. ನೀರಿಗೆ ಒಗ್ಗುವ ತಲೆಯನ್ನು ಕೆಳಗಿಟ್ಟು, ನೀರಿಗೆ ಒಗ್ಗದ ಬಾಲವನ್ನು ಮೇಲೆತ್ತಿ, ಒತ್ತೊತ್ತಾಗಿ ಒಂದೇ ಪದರವಾಗಿ ನಿಲ್ಲುತ್ತವೆ.

1925ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಈ ತೊಟ್ಟಿಯನ್ನು ರಕ್ತಕ್ಕೆ ಬಳಸಿದರು. ಸಸ್ತನಿಗಳ ಕೆಂಪು ರಕ್ತಕಣದೊಳಗೆ ಬೇರೆ ಪೊರೆಗಳೇ ಇಲ್ಲ. ಹಾಗಾಗಿ ಅದರಿಂದ ಸಿಗುವ ಕೊಬ್ಬೆಲ್ಲ ಹೊರಪೊರೆಯದ್ದೇ. ಆ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿದಾಗ, ಅದು ರಕ್ತಕಣಗಳ ಒಟ್ಟು ಮೈಯ ಎರಡರಷ್ಟು ಜಾಗ ಹಿಡಿಯಿತು. ಎರಡು ಪದರ! ಬಾಲಗಳು ಒಳಗೆ ಮುಖಾಮುಖಿ, ತಲೆಗಳು ಎರಡೂ ಕಡೆಯ ನೀರಿಗೆ. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು ಎಂದು ಆಮೇಲೆ ತಿಳಿಯಿತು. ಕೊಬ್ಬು ಪೂರ್ತಿ ಹೊರಬಂದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪೂ ಒಂದನ್ನೊಂದು ಸರಿದೂಗಿಸಿ, ಉತ್ತರ ಸರಿಯಾಗೇ ಬಂತು.

ಆದರೆ ಪೊರೆಯಲ್ಲಿ ಕೊಬ್ಬಿನ ಜೊತೆ ಇರುವ ಪ್ರೋಟೀನ್ ಎಲ್ಲಿ? 1935ರಲ್ಲಿ ಡೇವ್ಸನ್ ಮತ್ತು ಡೇನಿಯೆಲ್ಲಿ, ಕೊಬ್ಬಿನ ಎರಡೂ ಬದಿಗೆ ಪ್ರೋಟೀನ್ ಲೇಪ ಇದೆ ಎಂದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಎರಡು ಕಪ್ಪು ಗೆರೆ, ನಡುವೆ ಒಂದು ತಿಳಿ ಗೆರೆ ಕಂಡಾಗ, ಈ ವಾದ ಸಾಬೀತಾಯಿತು ಎಂದೇ ಅನೇಕರು ನಂಬಿದರು. ಚಿತ್ರ ನಿಜವಾದದ್ದೇ. ಅದರ ಅರ್ಥ ಮಾತ್ರ ಬೇರೆ ಇತ್ತು.

ಆ ಲೇಪದ ವಾದವನ್ನು ಅಲುಗಾಡಿಸಿದ್ದು 1970ರ ಒಂದು ಸೊಗಸಾದ ಪ್ರಯೋಗ. ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು ಒಂದು ಮಾಡಿ, ಎರಡರ ಪ್ರೋಟೀನ್‌ಗಳಿಗೂ ಬೇರೆ ಬೇರೆ ಹೊಳೆಯುವ ಬಣ್ಣ ಅಂಟಿಸಿದರು. ಮೊದಲಿಗೆ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. ಮೈಯ ಬಿಸುಪಿನಲ್ಲಿ 40 ನಿಮಿಷ ಇಟ್ಟರೆ ಎರಡೂ ಬೆರೆತುಹೋಗುತ್ತಿದ್ದವು. ತಣ್ಣಗಿಟ್ಟರೆ ಬೆರೆಯುತ್ತಿರಲಿಲ್ಲ. ಅಂದರೆ ಪೊರೆ ಗೋಡೆಯಲ್ಲ, ಹರಿದಾಡುವ ಎಣ್ಣೆಯಂಥದ್ದು. ಅದರಲ್ಲಿ ಪ್ರೋಟೀನ್‌ಗಳು ಮುಳುಗಿ ತೇಲುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ಈ ಚಿತ್ರವೇ, ಕೆಲವು ತಿದ್ದುಪಡಿಗಳೊಂದಿಗೆ, ಇಂದಿಗೂ ಉಳಿದಿದೆ.

ಉಳಿದ ಪ್ರಶ್ನೆ ನೀರಿನದ್ದು. ಕೊಬ್ಬನ್ನು ದಾಟಿ ನೀರು ಅಷ್ಟು ವೇಗವಾಗಿ ಹೇಗೆ ಹೋಗುತ್ತದೆ? ಪೀಟರ್ ಆಗ್ರೆ ಕೆಂಪು ರಕ್ತಕಣದಲ್ಲಿ ಬೇರೇನನ್ನೋ ಹುಡುಕುವಾಗ ಗುರುತೇ ಇಲ್ಲದ ಒಂದು ಪ್ರೋಟೀನ್ ಸಿಕ್ಕಿತ್ತು. ಅದು ಕಪ್ಪೆಯ ಮೊಟ್ಟೆಯಲ್ಲಿ ತಯಾರಾಗುವಂತೆ ಮಾಡಿ ನೀರಿಗೆ ಹಾಕಿದರು. ಮೊಟ್ಟೆ ಉಬ್ಬಿ ಒಡೆದುಹೋಯಿತು. ಪ್ರೋಟೀನ್ ಇಲ್ಲದ ಮೊಟ್ಟೆ ಹಾಗೇ ಇತ್ತು. 1992ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2003ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇಂಥ ನೀರಿನ ದಾರಿಗಳು ಮೂತ್ರಪಿಂಡದಲ್ಲಿ ಬೇಕಾದಷ್ಟಿವೆ. ಅಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುತ್ತದೆ, ಬಹುಪಾಲು ರಕ್ತಕ್ಕೆ ವಾಪಸ್ ಹೋಗುತ್ತದೆ. ಈ ದಾರಿಗಳಲ್ಲಿ ಒಂದು ಬಗೆಯದ್ದು ಹುಟ್ಟಿನಿಂದಲೇ ಕೆಟ್ಟಿದ್ದರೆ, ಆ ಮಗು ದಿನವಿಡೀ ನೀರಿಗೆ ಹಾತೊರೆಯುತ್ತದೆ. ಎಷ್ಟು ಕುಡಿದರೂ ನೀರು ಮೈಯಲ್ಲಿ ನಿಲ್ಲುವುದಿಲ್ಲ.