ಮಿಡಿ ಕೀಬೋರ್ಡ್ ಜೋಡಣೆ: ಹಾರ್ಮೋನಿಯಂನಿಂದ ಬಂದವರಿಗೆ

ಭಜನೆಗೆ ಹಾರ್ಮೋನಿಯಂ ನುಡಿಸಿ ರೂಢಿ ಇದ್ದವರಿಗೆ ಮಿಡಿ ಕೀಬೋರ್ಡ್ ಮೊದಲ ದಿನ ಗಾಬರಿ ಹುಟ್ಟಿಸುತ್ತದೆ. ಕೀ ಒತ್ತಿದರೆ ಸದ್ದೇ ಇಲ್ಲ. ಅದು ಕೆಟ್ಟಿಲ್ಲ. ಬರೀ ಕಂಟ್ರೋಲರ್ ಆದರೆ ಅದರೊಳಗೆ ಸದ್ದು ಮಾಡುವ ಭಾಗವೇ ಇರುವುದಿಲ್ಲ. ಹಾರ್ಮೋನಿಯಂನಲ್ಲಿ ಗಾಳಿ ನುಗ್ಗಿ ರೀಡು ಅದುರುತ್ತದೆ. ಇಲ್ಲಿ ಸುಮ್ನೆ ಅಂಕಿ ಹೊರಡುತ್ತದೆ. ಯಾವ ಕೀ ಎಂಬುದಕ್ಕೆ ಒಂದು ಅಂಕಿ, ಎಷ್ಟು ರಭಸದಿಂದ ಒತ್ತಿದಿರಿ ಎಂಬುದಕ್ಕೆ ಇನ್ನೊಂದು. ಎರಡೂ 0ಯಿಂದ 127ರೊಳಗೆ. ಕೀ ಬಿಟ್ಟಾಗಲೂ ಒಂದು ಸಂದೇಶ ಹೋಗುತ್ತದೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಅರ್ಥವಾಗಲಿ ಎಂದು 1983ರಲ್ಲಿ ಬಂದ ವ್ಯವಸ್ಥೆಯೇ ಮಿಡಿ. ಆ ಅಂಕಿಗೆ ಸದ್ದು ಕೊಡುವುದು ಕಂಪ್ಯೂಟರ್‌ನಲ್ಲಿರುವ ಸಾಫ್ಟ್‌ವೇರ್.

ನಮ್ಮ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಹೊಲಕ್ಕೆ ನೀರು ಬರದಿದ್ದರೆ ಮೇಲಿನಿಂದ ಒಂದೊಂದೇ ತೂಬು ನೋಡಿಕೊಂಡು ಬರಬೇಕು, ಅಲ್ವಾ? ಸದ್ದು ಬರದಿದ್ದಾಗಲೂ ಹಾಗೇ ಮಾಡಿ.

ಮೊದಲ ತೂಬು ವೈರು. ನಾನು ಮನೆಯಲ್ಲಿದ್ದ ಮೊಬೈಲ್ ಚಾರ್ಜಿಂಗ್ ವೈರು ಹಾಕಿ ಒಂದು ಸಂಜೆ ಪೂರ್ತಿ ಕಳೆದೆ. ಕೀಬೋರ್ಡಿನ ದೀಪ ಹತ್ತುತ್ತಿತ್ತು, ಕಂಪ್ಯೂಟರ್‌ಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಕೆಲವು ಚಾರ್ಜಿಂಗ್ ವೈರುಗಳಲ್ಲಿ ಕರೆಂಟಿನ ತಂತಿ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಕೀಬೋರ್ಡ್ ಜೊತೆ ಬಂದ ವೈರನ್ನೇ ಬಳಸಿ.

ಎರಡನೆಯದು ಸಾಫ್ಟ್‌ವೇರಿನ ಸೆಟ್ಟಿಂಗ್ಸ್. ರೀಪರ್, ಎಫ್ಎಲ್ ಸ್ಟುಡಿಯೋ ಎರಡೂ ಸಂಗೀತ ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ರೀಪರ್ ಆದರೆ ಪ್ರಿಫರೆನ್ಸಸ್‌ನ ಮಿಡಿ ವಿಭಾಗ, ಎಫ್ಎಲ್ ಸ್ಟುಡಿಯೋ ಆದರೆ ಮಿಡಿ ಸೆಟ್ಟಿಂಗ್ಸ್. ಅಲ್ಲಿ ಇನ್‌ಪುಟ್ ಪಟ್ಟಿಯಲ್ಲಿ ನಿಮ್ಮ ಕೀಬೋರ್ಡ್ ಹೆಸರು ಹುಡುಕಿ ಎನೇಬಲ್ ಮಾಡಿ. ಹೆಸರು ಕಂಡರೂ ತೆರೆಯದಿದ್ದರೆ ಬೇರೆ ಸಂಗೀತ ಸಾಫ್ಟ್‌ವೇರ್ ತೆರೆದಿದೆಯಾ ನೋಡಿ. ವಿಂಡೋಸ್‌ನಲ್ಲಿ ಒಂದು ಸಾಫ್ಟ್‌ವೇರ್ ಹಿಡಿದುಕೊಂಡ ಕೀಬೋರ್ಡ್ ಎಷ್ಟೋ ಸಲ ಇನ್ನೊಂದಕ್ಕೆ ಸಿಗುವುದಿಲ್ಲ.

ಮೂರನೆಯದು ಟ್ರ್ಯಾಕ್, ಅಂದರೆ ಸಾಫ್ಟ್‌ವೇರಿನಲ್ಲಿ ಒಂದು ವಾದ್ಯ ರೆಕಾರ್ಡ್ ಆಗುವ ಸಾಲು. ರೀಪರ್‌ನಲ್ಲಿ ಟ್ರ್ಯಾಕಿಗೆ ಒಂದು ವಾದ್ಯದ ಪ್ಲಗಿನ್ (ಆ ವಾದ್ಯದ ಸದ್ದು ಕೊಡುವ ಪುಟ್ಟ ಸಾಫ್ಟ್‌ವೇರ್) ಹಾಕಿ, ಆ ಟ್ರ್ಯಾಕಿನ ಕೆಂಪು ರೆಕಾರ್ಡ್ ಬಟನ್ ಒತ್ತಿ, ಇನ್‌ಪುಟ್‌ಗೆ ಮಿಡಿ ಆರಿಸಿ, ನುಡಿಸಿದ್ದು ಆಗಲೇ ಕೇಳಿಸಲು ಮಾನಿಟರ್ ಬಟನ್ ಆನ್ ಮಾಡಿ. ಮಿಡಿ ಸಂದೇಶ ಹೋಗುವ ದಾರಿಗಳು, ಅಂದರೆ ಚಾನೆಲ್, 16 ಇವೆ. ಕಲಿಯುವಾಗ ಎಲ್ಲವನ್ನೂ ತೆರೆದಿಡಿ.

ಈಗ ಸದ್ದು ಬರುತ್ತದೆ, ಆದರೆ ತಡವಾಗಿ ಬರಬಹುದು. ಕಾರಣ ಬಫರ್, ಅಂದರೆ ಕಂಪ್ಯೂಟರ್ ಸದ್ದನ್ನು ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ತುಣುಕು. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ) ಇರುವಾಗ 1024ರ ಬಫರ್ ಒಂದೇ 23 ಮಿಲಿಸೆಕೆಂಡ್ ತಿನ್ನುತ್ತದೆ. 256ಕ್ಕೆ ಇಳಿಸಿದರೆ ಸುಮಾರು 6. ದ್ರುತ್ ಲಯದಲ್ಲಿ ಈ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ತೀರಾ ಇಳಿಸಿದರೆ ಚಟಪಟ ಸದ್ದು ಶುರುವಾಗುತ್ತದೆ. ಆಗ ಒಂದು ಮೆಟ್ಟಿಲು ಮೇಲೆ ಹೋಗಿ. ವಿಂಡೋಸ್‌ನಲ್ಲಿ ಆಸಿಯೊ (ASIO) ಎಂಬ, ತಡ ಕಡಿಮೆ ಮಾಡುವ ಸೌಂಡ್ ಡ್ರೈವರ್ ಹಾಕಿಕೊಂಡರೆ ಕೆಲಸ ಸಲೀಸು.

ನನಗೆ ಜಾಸ್ತಿ ದಿನ ಹಿಡಿದದ್ದು ಕೈ ಪಳಗುವುದಕ್ಕೆ. ಹಾರ್ಮೋನಿಯಂನಲ್ಲಿ ಕೀಯನ್ನು ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಸದ್ದು ಅಷ್ಟೇ. ಏರಿಳಿತವೆಲ್ಲ ತಿದಿ ಹಾಕುವ ಎಡಗೈಯಲ್ಲಿ. ಕಂಟ್ರೋಲರ್‌ನಲ್ಲಿ ಬೆರಳಿನ ರಭಸಕ್ಕೆ ತಕ್ಕಂತೆ ಸದ್ದು ಬದಲಾಗುವುದರಿಂದ ನಮ್ಮ ಭಜನೆಯ ಸಾಲು ಏರುಪೇರಾಗಿ ಕೇಳಿಸುತ್ತದೆ. ಹಾರ್ಮೋನಿಯಂ ಸದ್ದು ಆರಿಸಿದಾಗ ವೆಲಾಸಿಟಿಯನ್ನು, ಅಂದರೆ ರಭಸದ ಅಂಕಿಯನ್ನು, ಫಿಕ್ಸೆಡ್ ಮಾಡಿ, 100ರ ಆಸುಪಾಸು ಇಡಿ. ಎಡಬದಿಯ ಮಾಡ್ಯುಲೇಶನ್ ಚಕ್ರ ಸಾಮಾನ್ಯವಾಗಿ ಕಂಟ್ರೋಲ್ 1 ಎಂಬ ಸಂದೇಶ ಕಳಿಸುತ್ತದೆ. ಅದನ್ನು 11ಕ್ಕೆ, ಅಂದರೆ ಸದ್ದಿನ ಏರಿಳಿತದ ಎಕ್ಸ್‌ಪ್ರೆಶನ್‌ಗೆ ಬದಲಿಸಿ. ಪ್ಲಗಿನ್ ಅದಕ್ಕೆ ಸ್ಪಂದಿಸುವುದಾದರೆ ಎಡಗೈಗೆ ತಿದಿ ವಾಪಸ್ ಸಿಕ್ಕಂತೆ. ನನಗೆ ಅವತ್ತೇ ಇದು ವಾದ್ಯ ಅನ್ನಿಸಿದ್ದು.

ಇನ್ನು ಷಡ್ಜ. ಹಾಡುವವರ ಶ್ರುತಿ ಕಪ್ಪು ಒಂದಾದರೆ ಕೀಬೋರ್ಡಿನಲ್ಲಿ ಶ್ರುತಿ ಸರಿಸುವ ಟ್ರಾನ್ಸ್‌ಪೋಸ್ ಅನ್ನು ಒಂದು ಮೇಲೆ ಹಾಕಿ ಬಿಳಿ ಒಂದರಿಂದಲೇ ನುಡಿಸಬಹುದು. ಮಧ್ಯದ ಬಿಳಿ ಒಂದರ ಅಂಕಿ 60. ಈಗ ಅದನ್ನು ಒತ್ತಿದರೆ 61 ಹೊರಡುತ್ತದೆ, ರೆಕಾರ್ಡ್ ಆಗುವುದೂ 61. ಮುಂದಿನ ಸಲ ಬೇರೆಯವರ ಜೊತೆ ಕೂರುವ ಮೊದಲು ಟ್ರಾನ್ಸ್‌ಪೋಸ್ ಅನ್ನು ಸೊನ್ನೆಗೆ ತನ್ನಿ.